ಸಹಾಯ ಬೇಕು: ಗಾಜು ಊದೋ ಕೆಲಸ ಹತ್ತಿರದಿಂದ ನೋಡಿದವರು ಇದ್ದೀರಾ?

ನಮಸ್ಕಾರ. ಹದಿಹರೆಯದವರಿಗೆ ಒಂದು ಫ್ಯಾಂಟಸಿ ಕಾದಂಬರಿ ಬರೀತಿದ್ದೀನಿ. ಜಾಗ ವೆನಿಸ್ ಪಕ್ಕದ ಮುರಾನೊ ದ್ವೀಪ, ಕಾಲ 15ನೇ ಶತಮಾನ. ಆದರೆ ನನ್ನ ಮುರಾನೊದಲ್ಲಿ ಸುಳ್ಳು ಹೇಳಿದವರ ಮುಖ ಕನ್ನಡಿಯಲ್ಲಿ ಕಾಣಿಸಲ್ಲ. ಇತಿಹಾಸ ಓದ್ಕೊಂಡಿದ್ದೀನಿ: ಬೆಂಕಿ ಭಯಕ್ಕೆ 1291ರಲ್ಲಿ ವೆನಿಸ್‌ನ ಗಾಜಿನ ಕುಲುಮೆಗಳನ್ನ ಈ ದ್ವೀಪಕ್ಕೆ ಸಾಗಿಸಿದ್ದು, ಗುಟ್ಟು ಹೊರಹೋಗದ ಹಾಗೆ ಕೆಲಸಗಾರರು ದೇಶ ಬಿಡೋದನ್ನೇ ತಡೆದಿದ್ದು. (ನಿಜವೇ ಇಷ್ಟು ರೋಚಕ, ಮಾಯೆ ಯಾಕೆ ಬೇಕಿತ್ತೋ!)

ಸಿಕ್ಕಿಹಾಕ್ಕೊಂಡಿರೋದು ಕೈಕೆಲಸದಲ್ಲಿ. ಕೊಳವೆ ತಿರುಗಿಸ್ತಾನೇ ಇರಬೇಕು, ಇಲ್ಲಾಂದ್ರೆ ಕಾದ ಗಾಜು ಜೋತುಬೀಳುತ್ತೆ ಅಂತ ಗೊತ್ತು. ಆದರೆ ಊದೋವಾಗ ಕೆನ್ನೆ ನೋಯುತ್ತಾ? ಕೈಗೆ ಎಷ್ಟು ಭಾರ ಅನಿಸುತ್ತೆ? ನಿಧಾನವಾಗಿ ತಣಿಸದೆ ಬಿಟ್ರೆ ಆಗಲೇ ಸೀಳುತ್ತಾ, ಮಾರನೇ ದಿನವಾ? ನನ್ನ ನಾಯಕಿಯ ಗ್ರಹಚಾರ ನಿಂತಿರೋದೇ ಅದರ ಮೇಲೆ.

ಗಾಜಿನ ಕೆಲಸಕ್ಕೆ ಹೆಸರಾದ ಉತ್ತರ ಪ್ರದೇಶದ ಫಿರೋಜಾಬಾದಲ್ಲಿ ನೋಡಿದವರು, ಲ್ಯಾಬಿನ ಗಾಜಿನ ಸಾಮಾನು ಮಾಡೋರು ಇದ್ರೆ ದಯವಿಟ್ಟು ಹೇಳಿ.