ಸಹಾಯ ಬೇಕು: ಬಾದಾಮಿಗೆ ಬಂದ ಪ್ರವಾಸಿಯ ದುಡ್ಡು ಊರಲ್ಲಿ ಎಷ್ಟು ಉಳಿಯುತ್ತದೆ?

ಎಲ್ಲರಿಗೂ ನಮಸ್ಕಾರ. ನಾನು ಬಾದಾಮಿಯವಳು, ಎಂ.ಎ. ಅರ್ಥಶಾಸ್ತ್ರದ ಪ್ರಾಜೆಕ್ಟ್ ಮಾಡುತ್ತಿದ್ದೇನೆ.

ನಮ್ಮೂರ ಹತ್ತಿರದ ಪಟ್ಟದಕಲ್ಲು ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ್ದು 1987ರಲ್ಲಿ, ಅದನ್ನು ನೋಡಲೂ ಪ್ರವಾಸಿಗರು ಬರುತ್ತಾರೆ. ಹೊರಗಿನವರು ಬಂಡವಾಳ ಹಾಕಿ ರೆಸಾರ್ಟ್ ಕಟ್ಟಿದರೆ ಊರು ಉದ್ಧಾರ ಆಗುತ್ತದೆ ಅಂತ ಸುಮ್ನೆ ಹೇಳಿಬಿಡುತ್ತಾರೆ. ನನಗೆ ಲೆಕ್ಕ ಬೇಕು. ಪ್ರವಾಸಿ ಕೊಟ್ಟ 100 ರೂಪಾಯಿಯಲ್ಲಿ ಜೋಳದ ರೊಟ್ಟಿ ಬಡಿಯುವ ಅಕ್ಕನಿಗೆ, ಆಟೋದ ಅಣ್ಣನಿಗೆ, ಗುಳೇದಗುಡ್ಡದಲ್ಲಿ ಖಣ ನೇಯುವವರಿಗೆ ಎಷ್ಟು ಸೇರುತ್ತದೆ? ಮಾಲೀಕರ ಲಾಭ, ಬ್ಯಾಂಕ್ ಬಡ್ಡಿ, ದೂರದಿಂದ ತರಿಸಿದ ಸಾಮಾನು ಅಂತ ಜಿಲ್ಲೆಯಿಂದ ಆಚೆ ಸೋರಿಹೋಗುವುದು ಎಷ್ಟು? ಈ ಸೋರಿಕೆ ಕಳೆಯದೆ ಹೂಡಿದ ಮೊತ್ತವನ್ನೇ ಲಾಭ ಅಂದರೆ ತಪ್ಪಲ್ವಾ?

ಇನ್‌ಪುಟ್-ಔಟ್‌ಪುಟ್ ಕೋಷ್ಟಕ (ಯಾವ ಉದ್ಯಮ ಯಾವುದರಿಂದ ಎಷ್ಟು ಕೊಳ್ಳುತ್ತದೆ ಅನ್ನುವ ಪಟ್ಟಿ) ಬಳಸೋಣ ಅಂದುಕೊಂಡೆ. ಆದರೆ ಇಡೀ ದೇಶದ ಗುಣಕವನ್ನು (ಒಂದು ರೂಪಾಯಿ ಖರ್ಚು ಕೈಯಿಂದ ಕೈಗೆ ಹೋಗಿ ಒಟ್ಟು ಎಷ್ಟು ವಹಿವಾಟು ಹುಟ್ಟಿಸುತ್ತದೆ ಅನ್ನುವ ಸಂಖ್ಯೆ) ಒಂದು ಜಿಲ್ಲೆಗೆ ಹಾಕಿದರೆ ಉತ್ತರ ಜಾಸ್ತಿ ಬರುತ್ತದೆ. ಯಾಕೆಂದರೆ ಸಣ್ಣ ಪ್ರದೇಶ ಹೊರಗಿನಿಂದಲೇ ಹೆಚ್ಚು ಕೊಳ್ಳುತ್ತದೆ. ಜಿಲ್ಲೆಯ ಉದ್ಯೋಗದಲ್ಲಿ ಒಂದೊಂದು ಉದ್ಯಮದ ಪಾಲನ್ನು ದೇಶದಲ್ಲಿನ ಪಾಲಿಗೆ ಹೋಲಿಸಿ ಆ ಗುಣಕವನ್ನು ಜಿಲ್ಲೆಗೆ ಇಳಿಸಿದವರು ಯಾರಾದರೂ ಇದ್ದೀರಾ? ಎಕ್ಸೆಲ್‌ನಲ್ಲಿ ಹೇಗೆ ಮಾಡಿದಿರಿ?

ಇನ್ನೊಂದು ತೊಂದರೆ ಇದೆ. ಹೋಟೆಲಿನವರು ಖರೀದಿ ಬಿಲ್ ತೋರಿಸುತ್ತಿಲ್ಲ. ತರಕಾರಿ, ಹಾಲು, ಕೆಲಸಗಾರರ ಊರು ಇಷ್ಟನ್ನೇ ಕೇಳಿದರೆ ಸಾಕಾಗುತ್ತದಾ? ಬಾಗಲಕೋಟೆ ಕಡೆ ಸಮೀಕ್ಷೆ ಮಾಡಿದ ಅನುಭವ ಇದ್ದರೆ ದಯವಿಟ್ಟು ತಿಳಿಸಿ.