ತಂಗಿಯ ಅಂಡಾಶಯದಲ್ಲಿ ದೊಡ್ಡ ಗಡ್ಡೆ: ಶಸ್ತ್ರಚಿಕಿತ್ಸೆಯನ್ನು ಮುಂದೂಡಬಹುದೇ?

ಪ್ರಶ್ನೆ:
ನನ್ನ ತಂಗಿಗೆ 21 ವರ್ಷ. ಹೊಟ್ಟೆ ದಪ್ಪವಾಗುತ್ತಿದೆಯೆಂದು ಸ್ಕ್ಯಾನಿಂಗ್ ಮಾಡಿಸಿದಾಗ ಬಲ ಅಂಡಾಶಯದಲ್ಲಿ 16 ಸೆಂ.ಮೀ. ಗಡ್ಡೆ ಕಂಡಿತು, ಡರ್ಮಾಯ್ಡ್ (ಜಿಡ್ಡು, ಕೂದಲು ತುಂಬಿದ, ಸಾಮಾನ್ಯವಾಗಿ ಕ್ಯಾನ್ಸರ್ ಅಲ್ಲದ ಗಡ್ಡೆ) ಇರಬಹುದೆಂದು ವರದಿಯಲ್ಲಿದೆ. ನೋವೇನೂ ಇಲ್ಲದಿರುವುದರಿಂದ ಓದು ಮುಗಿಯುವವರೆಗೆ ಕಾಯಬಹುದೇ? ಅಂಡಾಶಯ ತೆಗೆದರೆ ಮುಂದೆ ಮಕ್ಕಳಾಗುವುದಿಲ್ಲವೆಂದು ಅಮ್ಮ ಕಂಗಾಲಾಗಿದ್ದಾರೆ.

ಉತ್ತರ (ಸ್ತ್ರೀರೋಗ ತಜ್ಞೆ):
ಈ ವಯಸ್ಸಿನಲ್ಲಿ ಕಾಣುವ ಅಂಡಾಶಯದ ಗಡ್ಡೆಗಳಲ್ಲಿ ಹೆಚ್ಚಿನವು ಕ್ಯಾನ್ಸರ್ ಅಲ್ಲ. ಆದರೂ ನೋವಿಲ್ಲವೆಂಬ ಕಾರಣಕ್ಕೆ ತಿಂಗಳುಗಟ್ಟಲೆ ಕಾಯುವುದು ಸರಿಯಲ್ಲ. ಗಡ್ಡೆಯ ಭಾರಕ್ಕೆ ಅಂಡಾಶಯ ಬುಡದಲ್ಲಿ ತಿರುಚಿಕೊಂಡರೆ ಮೊದಲು ರಕ್ತವನ್ನು ಹೊರಗೊಯ್ಯುವ ಸಿರೆಗಳು ಅದುಮಿಹೋಗಿ ಅಂಡಾಶಯ ಊದಿಕೊಳ್ಳುತ್ತದೆ, ಬಳಿಕ ಒಳಬರುವ ರಕ್ತವೂ ನಿಂತುಹೋಗಬಹುದು. ಕಿಬ್ಬೊಟ್ಟೆಯ ಒಂದು ಪಕ್ಕದಲ್ಲಿ ಹಠಾತ್ತನೆ ತೀವ್ರ ನೋವು, ಜೊತೆಗೆ ವಾಂತಿ ಕಾಣಿಸಿಕೊಂಡರೆ, ಆ ನೋವು ಬಂದು ಹೋಗಿ ಮಾಡುತ್ತಿದ್ದರೂ, ತಡಮಾಡದೆ ತುರ್ತು ಚಿಕಿತ್ಸಾ ವಿಭಾಗಕ್ಕೆ ಕರೆದೊಯ್ಯಿರಿ. ಡಾಪ್ಲರ್ ಸ್ಕ್ಯಾನಿಂಗ್‌ನಲ್ಲಿ ರಕ್ತಸಂಚಾರ ಕಂಡ ಮಾತ್ರಕ್ಕೆ ತಿರುಚಿಲ್ಲವೆಂದು ಹೇಳಲಾಗದು. ಬೇಗ ತಿರುಚು ಬಿಡಿಸಿದರೆ ಕಪ್ಪಗಾಗಿ ಕಂಡ ಅಂಡಾಶಯವೂ ಎಷ್ಟೋ ಸಲ ಚೇತರಿಸಿಕೊಳ್ಳುತ್ತದೆ.

ಡರ್ಮಾಯ್ಡ್ ಒಡೆದರೆ ಒಳಗಿನ ಜಿಡ್ಡು, ಕೂದಲು ಹೊಟ್ಟೆಯೊಳಗೆ ಚೆಲ್ಲಿ ಉರಿಯೂತವಾಗುತ್ತದೆ. ದೊಡ್ಡ ಗಡ್ಡೆ ಮೂತ್ರನಾಳವನ್ನು ಒತ್ತಿ, ನೋವಿಲ್ಲದೆಯೇ ಮೂತ್ರಪಿಂಡ ಊದಿಕೊಳ್ಳುವುದೂ ಉಂಟು. ಶಸ್ತ್ರಚಿಕಿತ್ಸೆಗೆ ಮುನ್ನ, ಗಡ್ಡೆ ಕ್ಯಾನ್ಸರ್ ಇರಬಹುದೇ ಎಂಬ ಸುಳಿವು ಕೊಡುವ ಎಎಫ್‌ಪಿ, ಬೀಟಾ ಎಚ್‌ಸಿಜಿ, ಎಲ್‌ಡಿಎಚ್ ರಕ್ತಪರೀಕ್ಷೆಗಳನ್ನು ಮಾಡಿಸಿ. ಅಂತಹದೇ ಇನ್ನೊಂದು ಸೂಚಕವಾದ ಸಿಎ-125 ಮಾತ್ರ ಹೆಚ್ಚಿದ್ದರೆ ಗಾಬರಿ ಬೇಡ. ಎಂಡೊಮೆಟ್ರಿಯೋಸಿಸ್‌ನಲ್ಲಿ (ಗರ್ಭಕೋಶದ ಒಳಪದರದಂಥ ಅಂಗಾಂಶ ಅದರ ಹೊರಗೆ ಬೆಳೆಯುವ ತೊಂದರೆ), ಮುಟ್ಟಿನ ದಿನಗಳಲ್ಲಿಯೂ ಅದು ಏರುತ್ತದೆ.

ಉತ್ತರ (ಶಸ್ತ್ರಚಿಕಿತ್ಸೆ ಆದವರು):
ನನಗೂ ಡರ್ಮಾಯ್ಡ್ ಇತ್ತು. ಗಡ್ಡೆಯನ್ನಷ್ಟೇ ಬಿಡಿಸಿ ತೆಗೆದು ಅಂಡಾಶಯವನ್ನು ಉಳಿಸಲು ಸಾಧ್ಯವೇ ಎಂದು ಮೊದಲೇ ಕೇಳಿದ್ದೆ, ಹಾಗೆಯೇ ಮಾಡಿದರು. ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ಮುನ್ನ ಅದರಲ್ಲಿ ಏನನ್ನು ತೆಗೆಯುವುದಾಗಿ ಬರೆದಿದೆಯೆಂದು ನಿಮ್ಮ ತಂಗಿಯೇ ಓದಿ ನೋಡಲಿ. ಅಮ್ಮನಿಗೆ ಧೈರ್ಯ ಹೇಳಿ: ಒಂದು ಅಂಡಾಶಯವನ್ನು ತೆಗೆಯಬೇಕಾಗಿ ಬಂದರೂ ಇನ್ನೊಂದು ಆರೋಗ್ಯವಾಗಿದ್ದರೆ ಮುಟ್ಟೂ ಬರುತ್ತದೆ, ಗರ್ಭವೂ ನಿಲ್ಲಬಲ್ಲದು.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಕೃತಜ್ಞತೆಗಳು. ಸೂಜಿ ಚುಚ್ಚಿ ನೀರು ತೆಗೆಸಿದರೆ ಸಾಕೆಂದು ಬಂಧುಗಳೊಬ್ಬರು ಹೇಳುತ್ತಿದ್ದಾರೆ.

ಉತ್ತರ (ಸ್ತ್ರೀರೋಗ ತಜ್ಞೆ):
ದಯವಿಟ್ಟು ಬೇಡ. ಡರ್ಮಾಯ್ಡ್‌ನಲ್ಲಿರುವುದು ಬರಿಯ ನೀರಲ್ಲ, ಗಡ್ಡೆಯ ಹೊರಚೀಲ ಉಳಿದರೆ ಅದು ಮತ್ತೆ ಬೆಳೆಯುತ್ತದೆ. ಅಪರೂಪಕ್ಕೆ ಅದು ಕ್ಯಾನ್ಸರ್ ಆಗಿದ್ದಲ್ಲಿ, ಚುಚ್ಚಿದ ಜಾಗದಿಂದ ಕಣಗಳು ಹೊಟ್ಟೆಯೊಳಗೆ ಹರಡಿ ರೋಗದ ಹಂತವೇ ಬದಲಾಗಬಹುದು. ಎಳೆಯ ವಯಸ್ಸಿನ ಜರ್ಮ್ ಸೆಲ್ ಕ್ಯಾನ್ಸರ್‌ಗಳು (ಅಂಡಾಣುಗಳ ಮೂಲ ಜೀವಕಣಗಳಿಂದ ಹುಟ್ಟುವಂಥವು) ಕೀಮೋಥೆರಪಿಗೆ ಚೆನ್ನಾಗಿ ಬಗ್ಗುತ್ತವೆ. ಗರ್ಭಕೋಶವನ್ನೂ ಇನ್ನೊಂದು ಅಂಡಾಶಯವನ್ನೂ ಹೆಚ್ಚಿನ ಸಂದರ್ಭಗಳಲ್ಲಿ ಉಳಿಸಿಕೊಳ್ಳಬಹುದು. ರಕ್ತಪರೀಕ್ಷೆಯ ವರದಿಗಳು ಬಂದ ಕೂಡಲೇ ಶಸ್ತ್ರಚಿಕಿತ್ಸೆಯ ದಿನವನ್ನು ಗೊತ್ತುಮಾಡಿಸಿ.