ಹಳೆಯ ಜೋಡುನಳಿಗೆ ಕೋವಿ: ಎಲ್ಲಿಯದು, ಯಾವ ಕಾಲದ್ದು?

ಪ್ರಶ್ನೆ

ನಮ್ಮ ಕುಟುಂಬದಲ್ಲಿ ಮೂರು ತಲೆಮಾರುಗಳಿಂದ ಪರವಾನಗಿಯೊಂದಿಗೆ ಉಳಿದುಬಂದಿರುವ ಹನ್ನೆರಡು ಬೋರಿನ ಜೋಡುನಳಿಗೆ ತೋಟೆ ಕೋವಿಯೊಂದರ ಮೂಲ ಮತ್ತು ಕಾಲವನ್ನು ತಿಳಿಯಬೇಕಾಗಿದೆ. ನಳಿಗೆಗಳು ಅಕ್ಕಪಕ್ಕದಲ್ಲಿವೆ, ಹ್ಯಾಮರ್‌ಗಳೆರಡೂ ಹೊರಗೆ ಕಾಣುತ್ತವೆ, ತೋಟೆ ಹಾಕಲು ಕೋವಿಯನ್ನು ಮಡಚಿ ತೆರೆಯುವ ಸನ್ನೆ ಮೇಲ್ಭಾಗದಲ್ಲಿದೆ. ನಳಿಗೆಗಳ ಮೈಮೇಲೆ ಅಲೆಯಲೆಯಾದ ಕಂದು ವಿನ್ಯಾಸವಿದೆ. ನಡುವಿನ ಪಟ್ಟಿಯ ಮೇಲೆ ಇಂಗ್ಲಿಷ್ ಅಕ್ಷರಗಳಲ್ಲಿ 'ಲಂಡನ್ ಫೈನ್ ಟ್ವಿಸ್ಟ್' ಎಂದು ಕೆತ್ತಿರುವುದನ್ನು ಬಿಟ್ಟರೆ ತಯಾರಕರ ಹೆಸರು ಎಲ್ಲಿಯೂ ಇಲ್ಲ. ಇದು ಲಂಡನ್ನಿನಲ್ಲೇ ತಯಾರಾದದ್ದೆಂದು ಮನೆಯ ಹಿರಿಯರು ನಂಬಿದ್ದಾರೆ. ತಿಳಿದವರು ದಾರಿ ತೋರಬೇಕಾಗಿ ವಿನಂತಿ.

ಮೊದಲ ಉತ್ತರ

ಪಟ್ಟಿಯ ಮೇಲಿನ ಬರಹವನ್ನು ಸದ್ಯಕ್ಕೆ ಮರೆತುಬಿಡಿ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಇಂಗ್ಲೆಂಡಿನ ಕೋವಿಗಳಿಗೆ ಇದ್ದ ಹೆಸರನ್ನು ಬಳಸಿಕೊಳ್ಳಲು ಬೇರೆ ದೇಶಗಳ ಕಾರ್ಖಾನೆಗಳು ಇಂತಹ ಮಾತುಗಳನ್ನು ಧಾರಾಳವಾಗಿ ಕೆತ್ತುತ್ತಿದ್ದವು. ಪ್ರಸಿದ್ಧ ತಯಾರಕರ ಹೆಸರನ್ನೇ ಒಂದೆರಡು ಅಕ್ಷರ ತಿದ್ದಿ ಹಾಕಿದ ಕೋವಿಗಳೂ ಬೇಕಾದಷ್ಟಿವೆ. ಇನ್ನು ಕೆಲವು ಕೋವಿಗಳ ಮೇಲಿರುವುದು ತಯಾರಿಸಿದವನ ಹೆಸರಲ್ಲ, ಮಾರಿದ ಅಂಗಡಿಯವನದು. ಕೋವಿಯ ನಿಜವಾದ ಜಾತಕವಿರುವುದು ನಳಿಗೆಗಳ ತಳದಲ್ಲಿ. ಕೋವಿಯಲ್ಲಿ ತೋಟೆ ಇಲ್ಲವೆಂಬುದನ್ನು ಎರಡು ಬಾರಿ ಖಚಿತಪಡಿಸಿಕೊಂಡು, ನಳಿಗೆಯ ಕೆಳಗಿರುವ ಮರದ ತುಂಡನ್ನು ಕಳಚಿ, ನಳಿಗೆಗಳನ್ನು ಬೇರ್ಪಡಿಸಿ ತಲೆಕೆಳಗು ಮಾಡಿ ನೋಡಿ. ತೋಟೆ ಕೂರುವ ಭಾಗದ ಕೆಳಗಿನ ಚಪ್ಪಟೆ ಜಾಗದಲ್ಲಿ ಪರೀಕ್ಷಾಲಯದ, ಅಂದರೆ ನಳಿಗೆಗಳ ಬಲವನ್ನು ಹಾರಿಸಿ ಪರೀಕ್ಷಿಸುವ ಸಂಸ್ಥೆಯ, ಮುದ್ರೆಗಳಿರುತ್ತವೆ. ಜಿಡ್ಡು ಕಟ್ಟಿದ್ದರೆ ಎಣ್ಣೆ ಹಚ್ಚಿದ ಮೃದು ಬಟ್ಟೆಯಿಂದ ಒರೆಸಿದರೆ ಸಾಕು. ಉಪ್ಪುಕಾಗದವನ್ನು ಮಾತ್ರ ಮುಟ್ಟಿಸಬೇಡಿ, ಅದರಿಂದ ಅಳಿಸಿಹೋದ ಮುದ್ರೆಯನ್ನು ಮತ್ತೆ ತರಲಾಗದು.

ಲಂಡನ್ನಿನದೋ ಬರ್ಮಿಂಗ್‌ಹ್ಯಾಮಿನದೋ ಆಗಿದ್ದರೆ ಕಿರೀಟವುಳ್ಳ ಮುದ್ರೆಗಳು ಕಾಣಬೇಕು. ಬರ್ಮಿಂಗ್‌ಹ್ಯಾಮಿನ ಪರೀಕ್ಷಾಲಯ 1813ರಲ್ಲಿ ಕಾಯಿದೆಯ ಮೂಲಕ ಸ್ಥಾಪನೆಯಾಯಿತು. 1904ಕ್ಕೆ ಮುಂಚಿನ ಅದರ ಮುದ್ರೆಯಲ್ಲಿ ಕಿರೀಟದ ಕೆಳಗೆ ಅಡ್ಡಡ್ಡ ರಾಜದಂಡಗಳೂ ಬಿ, ಪಿ, ಸಿ ಅಕ್ಷರಗಳೂ ಇದ್ದವು, ಆಮೇಲೆ ಕಿರೀಟದ ಕೆಳಗೆ ಬಿ.ಪಿ. ಎಂಬ ಸರಳ ಮುದ್ರೆ ಬಂತು. 'ನಾಟ್ ಫಾರ್ ಬಾಲ್' (ಒಂಟಿ ಗುಂಡಿಗೆ ತಕ್ಕದ್ದಲ್ಲ) ಎಂಬ ಮಾತು ಸಿಕ್ಕರೆ ನಿಮ್ಮ ಅದೃಷ್ಟ, ಏಕೆಂದರೆ ಚೋಕ್ ಇರುವ, ಅಂದರೆ ತುದಿಯಲ್ಲಿ ಒಳಗೆ ತುಸು ಕಿರಿದಾಗಿಸಿದ, ನಳಿಗೆಗಳ ಮೇಲೆ ಇಂಗ್ಲೆಂಡಿನಲ್ಲಿ ಅದನ್ನು ಒತ್ತಿದ್ದು 1875ರಿಂದ 1887ರವರೆಗೆ ಮಾತ್ರ. ಕಂಡದ್ದನ್ನೆಲ್ಲ, ಅರ್ಥವಾಗದ ಚಿಕ್ಕ ಅಕ್ಷರಗಳನ್ನೂ ಸೇರಿಸಿ, ಇದ್ದಂತೆಯೇ ಬರೆದು ತಿಳಿಸಿ.

ಪ್ರಶ್ನೆ ಕೇಳಿದವರು

ತಾವು ಹೇಳಿದಂತೆ ಕಳಚಿ ನೋಡಿದೆ. ಎರಡೂ ನಳಿಗೆಗಳ ತಳದಲ್ಲಿ ಮೊಟ್ಟೆಯಾಕಾರದ ಗೆರೆಯೊಳಗೆ ಇ, ಎಲ್, ಜಿ ಎಂಬ ಅಕ್ಷರಗಳೂ ಒಂದು ನಕ್ಷತ್ರವೂ ಇದ್ದು, ಆ ಮೊಟ್ಟೆಯ ನೆತ್ತಿಯ ಮೇಲೆ ಪುಟ್ಟ ಕಿರೀಟವಿದೆ. ಪಕ್ಕದಲ್ಲಿ 18.4 ಎಂಬ ಅಂಕಿ, ವಜ್ರಾಕೃತಿಯೊಳಗೆ 12 ಮತ್ತು ಸಿ, ಕಿರೀಟದ ಕೆಳಗೆ ಒಂಟಿ ಅಕ್ಷರ ಇವೆ. ಸಿಂಹದ ಗುರುತಾಗಲಿ, ವರ್ಷವಾಗಲಿ, ದೇಶದ ಹೆಸರಾಗಲಿ ಕಾಣಲಿಲ್ಲ. ಹ್ಯಾಮರನ್ನು ಎಳೆದು ಬಿಟ್ಟಾಗ ಅದು ಬಡಿದ ಕೂಡಲೇ ತಾನಾಗಿಯೇ ಸ್ವಲ್ಪ ಹಿಂದಕ್ಕೆ ಸರಿದು ನಿಲ್ಲುತ್ತದೆ.

ಎರಡನೆಯ ಉತ್ತರ

ಇಷ್ಟು ಸಿಕ್ಕ ಮೇಲೆ ಲಂಡನ್ನಿನ ಮಾತು ಮುಗಿಯಿತು. ಇ.ಎಲ್.ಜಿ. ಎಂಬುದು ಬೆಲ್ಜಿಯಂ ದೇಶದ ಲಿಯೇಜ್ ನಗರದ ಪರೀಕ್ಷಾಲಯದ ಮುದ್ರೆ. ಮೊಟ್ಟೆಯ ಮೇಲೆ ಕಿರೀಟ ಸೇರಿದ್ದು 1893ರಲ್ಲಿ, ಆದ್ದರಿಂದ ನಿಮ್ಮ ಕೋವಿ ಅದಕ್ಕಿಂತ ಹಿಂದಿನದಲ್ಲ. ಇನ್ನು 1922ರಿಂದ ಲಿಯೇಜಿನಲ್ಲಿ ವರ್ಷವನ್ನು ಸೂಚಿಸುವ ಒಂದಕ್ಷರದ ಸಂಕೇತವನ್ನು ಒತ್ತತೊಡಗಿದರು. ಕಿರೀಟದ ಕೆಳಗಿನ ಒಂಟಿ ಅಕ್ಷರ ತಪಾಸಣೆ ಮಾಡಿದವನ ಗುರುತು; ಅದನ್ನು ವರ್ಷದ ಸಂಕೇತವೆಂದು ತಿಳಿಯಬಾರದು. ಬೇರೆ ಅಕ್ಷರ ನಿಜಕ್ಕೂ ಇಲ್ಲವಾದರೆ 1893ರಿಂದ 1921ರ ನಡುವಿನದೆಂದು ಹೇಳಬಹುದು. 18.4 ಎಂಬುದು ನಳಿಗೆಯ ಒಳವ್ಯಾಸ, ಮಿಲಿಮೀಟರಿನಲ್ಲಿ. ಹನ್ನೆರಡು ಬೋರಿನ ಸೈದ್ಧಾಂತಿಕ ಅಳತೆ, ಅಂದರೆ ಒಂದು ಪೌಂಡ್ ಸೀಸದಿಂದ ಹನ್ನೆರಡು ಸಮಗುಂಡುಗಳನ್ನು ಎರೆದರೆ ಒಂದೊಂದಕ್ಕೆ ಬರುವ ವ್ಯಾಸ, ಸುಮಾರು 18.5 ಮಿಲಿಮೀಟರ್, ನಿಮ್ಮದು ಅದಕ್ಕೆ ಹತ್ತಿರವೇ ಇದೆ.

ಅಲೆಯಲೆಯ ವಿನ್ಯಾಸದ ವಿಷಯ. ಕಬ್ಬಿಣ ಮತ್ತು ಉಕ್ಕಿನ ಪಟ್ಟಿಗಳನ್ನು ಹೊಸೆದು, ಸಲಾಕೆಗೆ ಸುತ್ತಿ, ಕುಲುಮೆಯಲ್ಲಿ ಬೆಸೆದು ಮಾಡಿದ ಡಮಾಸ್ಕಸ್ ನಳಿಗೆಗಳಿಗೆ ಲಿಯೇಜಿನ ಬಳಿಯ ವೆಸ್ದ್ರ್ ಕಣಿವೆ ಹೆಸರಾಗಿತ್ತು. ಆದರೆ ಸಾದಾ ಉಕ್ಕಿನ ನಳಿಗೆಯ ಮೇಲೆ ಅದೇ ವಿನ್ಯಾಸವನ್ನು ಮೇಲುಮೇಲೆ ಮೂಡಿಸಿದ ಅಗ್ಗದ ಕೋವಿಗಳೂ ಇದ್ದವು. ಮರದ ತುಂಡಿನ ಅಡಿಯಲ್ಲಿ ಮರೆಯಾಗಿದ್ದ ಭಾಗವನ್ನು ಭೂತಗನ್ನಡಿಯಿಂದ ನೋಡಿ: ಅಲೆಗಳು ಅಲ್ಲಿಯೂ ಕಡಿಯದೆ ಮುಂದುವರಿದಿದ್ದರೆ ಅಸಲಿ ಇರಬಹುದು, ಒಂದು ಗೆರೆಗೆ ಬಂದು ಥಟ್ಟನೆ ನಿಂತಿದ್ದರೆ ಮೇಲಿನ ಬಣ್ಣವೆಂದು ಅನುಮಾನಿಸಬೇಕು.

ಮೂರನೆಯ ಉತ್ತರ

ಮೇಲಿನ ಕಾಲನಿರ್ಣಯವನ್ನು ಒಪ್ಪುತ್ತೇನೆ, ಒಂದು ಮಾತು ಸೇರಿಸಬೇಕು. ಯಾಂತ್ರಿಕ ರಚನೆಯನ್ನು ನೋಡಿ ಕಾಲ ಹೇಳುವವರು ಬಹಳ, ಆದರೆ ಅದರಿಂದ ಸಿಗುವುದು ಕೆಳಮಿತಿ ಮಾತ್ರ. ತಾನಾಗಿ ಹಿಂದೆ ಸರಿಯುವ ಹ್ಯಾಮರಿನ ಪೇಟೆಂಟು ಇಂಗ್ಲೆಂಡಿನ ಸ್ಟಾಂಟನ್ ಎಂಬುವರಿಗೆ ದೊರೆತದ್ದು 1867ರಲ್ಲಿ. ಹ್ಯಾಮರನ್ನು ಪೆಟ್ಟಿಗೆಯೊಳಗೆ ಅಡಗಿಸಿದ ಆನ್ಸನ್ ಮತ್ತು ಡೀಲಿ ಅವರ ರಚನೆ 1875ರದು. ಹಾಗೆಂದು ಹೊರಗಿನ ಹ್ಯಾಮರಿನ ಕೋವಿಗಳು 1875ಕ್ಕೆ ನಿಂತುಹೋಗಲಿಲ್ಲ, ಇಪ್ಪತ್ತನೆಯ ಶತಮಾನದಲ್ಲೂ ಅವು ಕಾರ್ಖಾನೆಗಳಿಂದ ಹೊರಬರುತ್ತಲೇ ಇದ್ದವು. ನಿಮ್ಮ ಕೋವಿಯೇ ಅದಕ್ಕೆ ಸಾಕ್ಷಿ.

ತಾವು ಕೇಳಿಲ್ಲವಾದರೂ ಹೇಳಬೇಕಾದದ್ದಿದೆ. ಲಿಯೇಜಿನಲ್ಲಿ ಹೊಗೆರಹಿತ ಮದ್ದಿನಿಂದ (ಇಂದಿನ ತೋಟೆಗಳಲ್ಲಿರುವ ಬಗೆಯದು) ಪರೀಕ್ಷೆಯಾದ ಕೋವಿಗೆ ಸಿಂಹ ಮತ್ತು ಪಿ.ವಿ. ಎಂಬ ಮುದ್ರೆ ಬೀಳುತ್ತಿತ್ತು. ಅದು ನಿಮ್ಮದರಲ್ಲಿ ಇಲ್ಲವೆಂದರೆ ಇದನ್ನು ಹಳೆಯ ಬಗೆಯ ಕಪ್ಪು ಮದ್ದಿಗೆ ಮಾತ್ರ ತಕ್ಕ ಕೋವಿಯೆಂದೇ ಭಾವಿಸಬೇಕು. ಮೇಲಾಗಿ ಆ ಕಾಲದ ಯೂರೋಪಿನ ಹನ್ನೆರಡು ಬೋರಿನ ಕೋವಿಗಳಲ್ಲಿ ತೋಟೆಯ ಕೋಣೆ ಸಾಮಾನ್ಯವಾಗಿ 65 ಮಿಲಿಮೀಟರ್ ಉದ್ದವಿರುತ್ತದೆ, ಇಂದಿನ ತೋಟೆಗಳು ಹೆಚ್ಚಾಗಿ 70 ಮಿಲಿಮೀಟರಿನವು. ಇಲ್ಲೊಂದು ಮೋಸವಿದೆ: ತೋಟೆಯ ಉದ್ದವನ್ನು ಹೇಳುವುದು ಹಾರಿಸಿದ ಮೇಲೆ ಬಾಯಿ ಬಿಚ್ಚಿಕೊಂಡ ಸ್ಥಿತಿಯಲ್ಲಿ, ಆದ್ದರಿಂದ ಮಡಿಸಿದ ಬಾಯಿಯ ಉದ್ದನೆಯ ತೋಟೆ ಗಿಡ್ಡ ಕೋಣೆಯಲ್ಲೂ ಸಲೀಸಾಗಿ ಕೂರುತ್ತದೆ, ಕೋವಿಯೂ ಮುಚ್ಚಿಕೊಳ್ಳುತ್ತದೆ. ಹಾರಿಸಿದಾಗ ಆ ಬಾಯಿ ಬಿಚ್ಚಿಕೊಳ್ಳಲು ಜಾಗವಿಲ್ಲದೆ ಕೋಣೆಯ ಮುಂದಿನ ಇಕ್ಕಟ್ಟಿಗೆ ನುಗ್ಗಿ ಒತ್ತಡ ಏರುತ್ತದೆ. ಬೆಸುಗೆಯೊಳಗೆ ತುಕ್ಕು ಹಿಡಿದಿರಬಹುದಾದ ನಳಿಗೆಗೆ ಅದು ತಡೆಯಲಾರದ ಹೊರೆ. ಅನುಭವಿ ಕೋವಿ ಕೆಲಸಗಾರರು ಕೋಣೆಯ ಉದ್ದವನ್ನೂ ನಳಿಗೆಯ ಗೋಡೆಯ ದಪ್ಪವನ್ನೂ ಉಪಕರಣದಿಂದ ಅಳೆದು ನೋಡುವವರೆಗೆ ಯಾವ ತೋಟೆಯನ್ನೂ ಹಾಕಬೇಡಿ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಕೃತಜ್ಞತೆಗಳು. ಭೂತಗನ್ನಡಿಯಲ್ಲಿ ನೋಡಿದಾಗ ಅಲೆಗಳು ಮರದ ಅಡಿಯಲ್ಲೂ ಮುದ್ರೆಗಳವರೆಗೂ ಕಡಿಯದೆ ಸಾಗಿವೆ. ಇದನ್ನು ಹಾರಿಸುವ ಉದ್ದೇಶ ನಮಗಿಲ್ಲ. ಮುದ್ರೆಗಳ ಚಿತ್ರ ತೆಗೆದು, ಲಿಯೇಜ್, 1893ರಿಂದ 1921 ಎಂಬ ಟಿಪ್ಪಣಿಯೊಂದಿಗೆ ಪರವಾನಗಿ ಪುಸ್ತಕದ ಜೊತೆ ಇರಿಸುತ್ತೇನೆ. ಹಿರಿಯರಿಗೆ ಲಂಡನ್ನಿನ ವಿಷಯ ಹೇಳುವುದೊಂದು ಬಾಕಿಯಿದೆ.